ಎಣ್ಣಿಯ ಹಾದಿ

ಚಿದ್ರಿ ರೋಡಿನ ನನ್ನ ಗ್ಯಾರೇಜಿನ ಕಿಟಕಿಯಾಗ
ಉಪ್ಪಿನಕಾಯಿಯ ಆರು ಬಾಟಲಿ ಸಾಲಾಗಿ ಕುಂತಿದ್ದವು.
ಒಳಗ ಉಪ್ಪಿನಕಾಯಿ ಇಲ್ಲ.
ಕಸ್ತೂರಬಾಯಿ ಅಕ್ಕನ ಮಿರ್ಚಿ ಬಾಣಲಿಯಿಂದ ಸೋಸಿ ತಂದ ಎಣ್ಣಿ,
ಒಂದೊಂದರಾಗ ಗೇಣುದ್ದದ ಒಂದೊಂದು ಪೈಪು,
ಮುಚ್ಚಳದ ಮ್ಯಾಲ ಸೀಮೆಸುಣ್ಣದ ತಾರೀಖು.

ಅಕ್ಕನ ಡೀಸೆಲ್ ಅಂಬಾಸಿಡರು
ನನಗಿಂತ ಎರಡು ವರ್ಷ ದೊಡ್ಡದು.
"ಕರಿದ ಎಣ್ಣಿ ಚೆಲ್ಲೋದು ಯಾಕೋ ಝರೆಪ್ಪ,
ಅದಕ್ಕ ಕುಡಿಸು" ಅಂದಿದ್ಲು.
ಕುಡಿಸೋದು ಸುಲಭ.
ಗಂಟಲು ಯಾತರದ್ದು ಅನ್ನೋದೇ ಪ್ರಶ್ನೆ.

ಡೀಸೆಲ್ ಅವಸರದ್ದು,
ಪೈಪಿನ ಸಂಗಡ ಮಾತಾಡೋದಿಲ್ಲ, ಹೊಕ್ಕು ಹೊಂಟುಬಿಡ್ತದ.
ಎಣ್ಣಿ ಹಂಗಲ್ಲ.
ಬೀಗರ ಮನಿಗೆ ಬಂದಂಗ ಬರ್ತದ,
ಕೂಡ್ತದ, ಗ್ವಾಡಿ ಮುಟ್ಟಿ ನೋಡ್ತದ,
ಒಳಗ ಏನದ ಅಂತ ಸಾವಕಾಶ ಕೇಳ್ತದ.

ಕರಿ ರಬ್ಬರು ಮೊದಲನೇ ವಾರಕ್ಕೇ ಊದಿತು,
ಮದುವಿ ಊಟದ ಹೊಟ್ಟಿಯಂಗ.
ಹದಿನೈದು ದಿನಕ್ಕ ಉಗುರು ಒತ್ತಿದರ ಒಳಗ ಹೋಯಿತು,
ಬೆರಳಿಗೆ ಕಾಡಿಗಿ ಹತ್ತಿತು.
ಗಾಜಿನಂಥ ಪ್ಲಾಸ್ಟಿಕು ನೋಡಾಕ ಚಂದ,
ಒಳಗಿನ ಬಂಗಾರ ಕಾಣ್ತಿತ್ತು;
ತಿಂಗಳಿಗೆ ಬಿರುಸಾಯಿತು,
ಬಗ್ಗಿಸಿದೆ, ಲಟಕ್ ಅಂತು.
ಜಸ್ತ ಬಳಿದ ಕಬ್ಬಿಣದ ಬುಡದಾಗ
ಬೆಳ್ಳಗ ಸಾಬೂನಿನಂಥಾದ್ದು ಕುಂತಿತು.
ತಾಮ್ರ...
ತಾಮ್ರ ನನಗ ಇಷ್ಟ ಇತ್ತು.
ಬಾಗು ಅಂದಲ್ಲಿ ಬಾಗ್ತದ,
ಅಪ್ಪ ನನಗ ಕೈ ಕಲಿಸಿದ್ದೇ ತಾಮ್ರದ ಮ್ಯಾಲ.
ನಲವತ್ತನೇ ದಿನ ಮುಚ್ಚಳ ತಗದೆ:
ಎಣ್ಣಿ ಹಸರಾಗಿ, ಪಾಕದಂಗ ಎಳಿ ಎಳಿ,
ಹಳೇ ಅಂಟಿನ ನಾತ.

ಬಾಜೂ ಅಂಗಡಿಯ ಗೌಸೋದ್ದೀನ್ ಚಾಚಾ
ಉಳಿ ಕೆಳಗಿಟ್ಟು ಬಂದ, ಬಾಟಲಿ ಬೆಳಕಿಗೆ ಹಿಡಿದ.
ಬಿದರಿ ಹೂಜಿಗೆ ಬೆಳ್ಳಿ ತಂತಿ ಕೂಡಿಸೋ ಕಣ್ಣು.
"ಜಸ್ತ, ತಾಮ್ರ. ಎರಡೂ ನಮ್ಮ ಮನಿ ಮಂದಿ,
ಎರಡನ್ನೂ ಹೊರಗ ಹಾಕಿದಿ.
ನಾವು ಅವನ್ನೇ ಕೂಡಿಸಿ ಕರಗಸ್ತೀವಿ,
ಕಿಲ್ಲೆಯ ಮಣ್ಣಾಗ ಕರಿ ಮಾಡ್ತೀವಿ,
ಕಡೀಕ ಹೊಳಪಿಗೆ ಒಂದು ಹನಿ ಎಣ್ಣಿ ಸವರತೀವಿ."
"ಒಂದು ಹನಿ, ಚಾಚಾ," ಅಂದೆ, "ಸವರಿ ಒರಸ್ತೀರಿ.
ಇಲ್ಲಿ ಅದು ವಾಸ ಮಾಡ್ತದ."
ಚಾಚಾ ನಕ್ಕ. ತಾಮ್ರದ ತುಂಡು ಕರಗಸಾಕ ಕೇಳಿದ,
ಮೂಸಿ ನೋಡಿ ವಾಪಸ್ ಕೊಟ್ಟ: "ಮಿರ್ಚಿ ವಾಸನಿ."

ಉಳಿದದ್ದು ಎರಡು.
ಸ್ಟೀಲು, ಇಟ್ಟ ದಿನದ್ದೇ ಮುಖ.
ಹೈದರಾಬಾದಿನಿಂದ ತರಿಸಿದ ವಿಟಾನಿನ ತುಂಡು;
ಗೇಣಿಗಿಷ್ಟು ಅಂದ ಕೂಡಲೆ ಅಕ್ಕ ಝಾರಾ ಕೆಳಗಿಟ್ಟಳು.
"ಪೂರಾ ಬ್ಯಾಡ ಅಕ್ಕಾ, ನಾಕು ಬೆರಳು,
ಎಂಜಿನ್ ನಡಗೋ ಜಾಗಕ್ಕ ಅಷ್ಟೇ."
ಉದ್ದಕ್ಕ ಸ್ಟೀಲು ಎಳದೆ, ಅದರ ಮೈಗೆ ಮೈ ಹಚ್ಚಿ
ರೇಡಿಯೇಟರಿನ ಬಿಸಿನೀರಿನ ಪೈಪು ಕಟ್ಟಿದೆ:
ಬೀದರಿನ ಡಿಸೆಂಬರ್ ಥಂಡಿಗೆ
ಪಾಮೋಲಿನ್ ತುಪ್ಪದಂಗ ಹೆಪ್ಪುಗಟ್ತದ.

ಗಾಡಿ ಹೊಂಟಾಗ ಓಣಿ ತುಂಬ ಭಜಿ ವಾಸನಿ,
ಎರಡು ನಾಯಿ ಹಿಂದ ಓಡಿದವು.

ಮೂರನೇ ತಿಂಗಳು ಫೋನು.
ಹಳ್ಳಿಖೇಡ ದಾಟಿ ನಿಂತದ ಅಂತ.
ಹೋಗಿ ಕೆಳಗ ಮಲಗಿ ಬ್ಯಾಟರಿ ಬಿಟ್ಟೆ.
ಟಾಕಿಯ ಹಿಂದ, ಯಾರೂ ನೋಡದ ಮೂಲಿಯಾಗ
ಕಾರ್ಖಾನಿಯವರು ಹಾಕಿದ ಒಂದು ಹಿತ್ತಾಳಿ ಜೋಡು,
ಅದರ ತುಂಬ ಹಸರು ಅಂಟು.
ಆರು ಬಾಟಲಿ, ನಲವತ್ತು ದಿನ, ಅಷ್ಟೊಂದು ತಾರೀಖು.
ಹಿತ್ತಾಳಿಯೊಳಗ ತಾಮ್ರ ಇರ್ತದ ಅನ್ನೋದು
ಚಾಚಾನ ಅಂಗಡಿಯ ಕಸ ಹೊಡಿಯೋ ಹುಡುಗನಿಗೂ ಗೊತ್ತು.

ಅಕ್ಕ ಏನೂ ಅನಲಿಲ್ಲ.
ಡಬ್ಬಿಯಿಂದ ಎರಡು ಮಿರ್ಚಿ ತಗದು ಪೇಪರಿನಾಗ ಸುತ್ತಿ ಕೊಟ್ಟಳು.
ರಸ್ತೆ ಬದಿ ಕುಂತು ತಿಂದೆ.
ಎಣ್ಣಿ ಅಕ್ಷರ ದಾಟಿ, ಜಾಹೀರಾತು ದಾಟಿ,
ಹಿಂದಿನ ಪುಟದ ಸುದ್ದಿ ಈಚೆ ಕಡೆ ತೋರಿಸಿ
ಅಂಗೈಗೆ ಬಂತು.
ಕಾಗದ ಒಂದನ್ನ ನಾನು ಬಾಟಲಿಗೆ ಹಾಕಿರಲಿಲ್ಲ.