ಮಣಿಕಟ್ಟಿನ ಹಗ್ಗ

ಮೂರು ವಾರವಾಯಿತು, ಸುಟ್ಟ ಮೋಟಾರುಗಳ ನಡುವೆ ಕೂತು
ಫೋನಿನಲ್ಲಿ ಡೈವ್ ಕಂಪ್ಯೂಟರು ನೋಡುತ್ತಿದ್ದೇನೆ.
ವಾರ್ನಿಷ್ ಹತ್ತಿದ ಹೆಬ್ಬೆರಳಿಗೆ ಪರದೆ ಓಗೊಡುವುದಿಲ್ಲ,
ಕಿರುಬೆರಳಲ್ಲಿ ತಳ್ಳುತ್ತೇನೆ: ಕರಿಯದು, ನೀಲಿಯದು,
ಬಣ್ಣದ ಪರದೆಯದು. ಅದರ ಬೆಲೆಗೆ
ಏಳೂವರೆ ಎಚ್‌ಪಿಯ ಹೊಸ ಮೋಟಾರು ಎರಡು ಬರುತ್ತವೆ.

ದುರ್ಗದಲ್ಲಿ ಇದನ್ನು ಕೈಗೆ ಕಟ್ಟಿ ತೋರಿಸುವವರಿಲ್ಲ.
ಲಕ್ಷ್ಮೀ ಬಜಾರಿನ ವಾಚಿನವನು ಫೋಟೋ ನೋಡಿ
"ಬೆಲ್ಟು ಬೇಕಾದ್ರೆ ಹಾಕ್ಕೊಡ್ತೀನಿ" ಅಂದ.

ನಾನು ಇಳಿದಿರುವುದು ಒಟ್ಟು ಆರು ಸಲ,
ಎಲ್ಲ ನೇತ್ರಾಣಿಯಲ್ಲೇ. ಹನ್ನೆರಡು ಮೀಟರು, ಒಮ್ಮೆ ಹದಿನೇಳು.
ಬಾಡಿಗೆಯ ಕಂಪ್ಯೂಟರು ಕೀಂ ಅಂದಾಗ
ಬೆದರಿ ಕಲಿಸುವವರ ಮುಖ ನೋಡಿದ್ದೆ.
ಅಂಗೈ ಆಡಿಸಿದರು: ನಿಧಾನ, ನಿಧಾನ.
ನನ್ನ ಗುಳ್ಳೆಗಳಿಗಿಂತ ಬೇಗ ನಾನು ಏರುತ್ತಿದ್ದೆನಂತೆ.

ಆಳ ನನಗೆ ಹೊಸದಲ್ಲ.
ಏಳುನೂರು ಅಡಿಯಿಂದ ಎತ್ತಿ ತಂದವನ್ನು ದಿನಾ ಬಿಚ್ಚುತ್ತೇನೆ,
ತಾಮ್ರ ಸುತ್ತಿ ವಾಪಸು ಕಳಿಸುತ್ತೇನೆ.
ಆದರೆ ಮೋಟಾರಿಗೆ ರಕ್ತವಿಲ್ಲ,
ರಕ್ತದಲ್ಲಿ ಕರಗಿ ಕೂತ ಗಾಳಿಯಿಲ್ಲ,
ಎಷ್ಟು ಬೇಗ ಎಳೆದರೂ ಅದಕ್ಕೆ ಕೀಲು ನೋಯುವುದಿಲ್ಲ.

ಸಿಲಿಂಡರಿನ ಒತ್ತಡ ಹೇಳುವುದು, ದಿಕ್ಸೂಚಿ,
ಮೂರು ಬಗೆಯ ಗ್ಯಾಸಿನ ಲೆಕ್ಕ —
ಆರು ಸಲ ಇಳಿದವಳಿಗೆ ಯಾತಕ್ಕೆ?
ದಪ್ಪ ಅಂಕಿ ಇರಲಿ, ನನಗೆ ಚಾಳೀಸು ಬಂದಿದೆ.
ಬ್ಯಾಟರಿ ನಾನೇ ಬದಲಿಸುವಂತಿರಲಿ.
ಒಂದೇ ಗುಂಡಿಯದು ಬೇಡ, ಒತ್ತಿ ಒತ್ತಿ ಎಲ್ಲಿದ್ದೇನೆಂದೇ ಮರೆಯುತ್ತದೆ.

ಸಂಜೆ ಟೀಗೆ ಬರುವ ಓಬಳಜ್ಜನಿಗೂ ತೋರಿಸಿದೆ.
ಪಾತಾಳಗರಡಿಗೆ ಸಿಗದ್ದಕ್ಕೆಲ್ಲ ಒಂದು ಕಾಲಕ್ಕೆ ಅವನನ್ನೇ ಕರೆಯುತ್ತಿದ್ದರು:
ತಾಮ್ರದ ಕೊಡ, ಮೂಗುತಿ, ಒಮ್ಮೆ ಹೊಲಿಗೆ ಮಿಷನ್ನು.
ಇನ್ನೇನೇನು ತೆಗೆದನೋ, ಅದನ್ನು ಹೇಳುವುದಿಲ್ಲ.
ಎಡಗಿವಿ ಯಾವುದೋ ಬಾವಿಯ ತಳದಲ್ಲೇ ಉಳಿದಿದೆ.

"ಎಷ್ಟು ಆಳ ಅಂತ ಹೇಳ್ತೈತಾ?"
ಹೇಳ್ತೈತೆ.
"ಅದು ನಂಗೆ ಕಿವಿ ಹೇಳೋದು. ಮ್ಯಾಕೆ ಬಾ ಅಂತೈತಾ?"
ಅಂತೈತೆ.
ಲೋಟ ಕೆಳಗಿಟ್ಟ.
"ನಮ್ಮ ಪಾಲಕ್ಕ ಅನ್ನೋಳು. ಹಗ್ಗ ಹಿಡ್ಕಂಡು ನೂರು ಎಣಿಸೋಳು.
ಎಣಿಕೆ ತಪ್ಪಿದ್ರೆ ಮೊದ್ಲಿಂದ ಎಣಿಸ್ತಿರ್ಲಿಲ್ಲ,
ತಪ್ಪಿದಲ್ಲೇ ಎಳೆಯೋಳು.
ಎಷ್ಟೋ ಸಲ ಕೊಡ ಕೈಗೆ ಸಿಕ್ಕಿರೋದು, ಬಿಟ್ಟು ಬರ್ತಿದ್ದೆ.
ಬೈತಿದ್ದೆ."

ಕೊನೆಗೆ ಎರಡು ಉಳಿದವು.
ಬೆಲೆ ಒಂದೇ, ಗುಂಡಿ ಎರಡೆರಡು.
ಒಂದಕ್ಕೆ ಊರಿನ ಎತ್ತರ ನಾವೇ ಹೇಳಬೇಕು,
ಇನ್ನೊಂದು ತಾನೇ ತಿಳಿದುಕೊಳ್ಳುತ್ತದೆ.

ಇಳಿದ ದಿನವೇ ವಿಮಾನ ಹತ್ತಬೇಡಿ ಅಂದಿದ್ದರು.
ನಕ್ಕಿದ್ದೆ: ವಿಮಾನ ಎಲ್ಲಿಂದ ಸಾರ್, ಶಿವಮೊಗ್ಗದ ಬಸ್ಸು.
"ಘಟ್ಟ ಹತ್ತುತ್ತಲ್ಲ?" ಅಂದರು.
ಆ ರಾತ್ರಿ ಮುರ್ಡೇಶ್ವರದ ಲಾಡ್ಜಿನಲ್ಲೇ ಮಲಗಿದೆ,
ಒದ್ದೆ ಟವೆಲು ಫ್ಯಾನಿಗೆ ಒಡ್ಡಿ.
ಕಡಲಿನಿಂದ ಎರಡು ಸಾವಿರದ ನಾನೂರು ಅಡಿ ಮೇಲೆ ಹುಟ್ಟಿದ್ದೇನೆಂದು
ನಲವತ್ತೊಂದು ವರ್ಷ ಯಾರೂ ನನಗೆ ಹೇಳಿರಲಿಲ್ಲ.
ಎತ್ತರವೆಂದರೆ ಕೋಟೆ ಅಂದುಕೊಂಡಿದ್ದೆ.
ರಕ್ತಕ್ಕೆ ಬಸ್‌ಸ್ಟ್ಯಾಂಡೂ ಬೆಟ್ಟವೇ.

ಪಾರ್ಸೆಲ್ಲು ಬಂದದ್ದು ಮಂಗಳವಾರ.
ಗುಂಡಿ ಒತ್ತಿದೆ. ಮೂಲೆಯಲ್ಲಿ
ಜೋಳದ ಕಾಳಿನಷ್ಟು ಬೆಟ್ಟ ಮೂಡಿತು. ಗೊತ್ತಾಗಿದೆ ಅದಕ್ಕೆ,
ನಾವು ಎಲ್ಲಿದ್ದೇವೆಂದು.

ನೀನೇ ಕಟ್ಟು ಅಜ್ಜ, ಅಂದೆ.
ಬೆಲ್ಟಿನ ಕೊನೆಯ ತೂತಿಗೂ ಅವನ ಕೈ ಸಡಿಲ.
ಮೋಟಾರು ಪರೀಕ್ಷಿಸುವ ತೊಟ್ಟಿಗೆ ಬಗ್ಗಿ
ಭುಜದವರೆಗೆ ತೋಳು ಇಳಿಬಿಟ್ಟ.
ನೀರಿನ ಮೇಲೆ ಗ್ರೀಸಿನ ಕಾಮನಬಿಲ್ಲು ಒಡೆದು ಮತ್ತೆ ಕೂಡಿತು.
ಕೆಳಗೆ ಅಂಕಿ ಹೊತ್ತಿಕೊಂಡವು, ನಾನು ಇಣುಕಿ ಓದಿದೆ.

"ಏನಂತೈತೆ?"
ತೊಂಬತ್ತೊಂಬತ್ತು ನಿಮಿಷ ಇರಬಹುದಂತೆ.
"ಮ್ಯಾಕೆ ಬಾ ಅಂತಾ?"
ಇನ್ನೂ ಇಲ್ಲಜ್ಜ.

ಒಳಗೆ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು,
ಯಾರದೋ ಮೋಟಾರು ಕೇಳಿ.
ಅವನು ಕೈ ತೆಗೆಯಲಿಲ್ಲ.