ಹನ್ನೊಂದನೇ ಲೆವೆಲ್ಲಿನ ಶೆಡ್ಡು

ಫೋನು ಬಂದಾಗ ನಾನು ಅಂಗಳದಾಗ ಕುಂತು
ಮೊಮ್ಮಗನ ಸೈಕಲ್ಲಿಗೆ ಚೈನು ಏರಸಾಕ ಹತ್ತಿದ್ದೆ.
"ಮೌಲಾಸಾಬರಾ? ಹಳೇ ಲೋಕೋ ಫಿಟ್ಟರು?"
ಹೌದಂದೆ.
ಹಳೇದು ಅನ್ನೋದು ಲೋಕೋಗೋ, ಫಿಟ್ಟರಿಗೋ,
ಕೇಳಲಿಲ್ಲ.

ಗಣಿ ಗೇಟಿನಾಗ ಹೊಸ ಟೊಪಗಿ ಕೊಟ್ಟರು, ತಲೀಗೆ ಸಡಿಲ.
ಮೂರು ಗಂಟಿ ಹೊಡೆದು ಕೇಜು ಇಳೀತು.
ಕಿವಿ ಮುಚ್ಚಿತು, ತೆರೀತು, ಮತ್ತ ಮುಚ್ಚಿತು.
ಹತ್ತು ವರ್ಷ ಆಗಿತ್ತು. ಆದ್ರೂ ಕೆಳಗಿನ ಸೆಕಿ
ಬೆನ್ನ ಮ್ಯಾಲೆ ಕೈ ಇಟ್ಟು
ಗುರ್ತು ಹಿಡೀತು.

ಇದು ಶೆಡ್ಡು. ಅಂದ್ರ, ಆಗಿತ್ತು.
ಊರಿನ ಹೆಸರೇ ಹಟ್ಟಿ.
ದನ ಹೊಳ್ಳಿ ಬರೋ ಹಟ್ಟಿ ನಾ ನೋಡಿದ್ದು ಇಲ್ಲೇ,
ಸೂರ್ಯ ಒಂದು ದಿನಾನೂ ಮುಳುಗದ ಜಾಗದಾಗ,
ಯಾಕಂದ್ರ ಹುಟ್ಟಿದ್ರ ತಾನೇ.
ಶಿಫ್ಟು ಮುಗಿದ ಮ್ಯಾಲೆ ಮೂರು ಬ್ಯಾಟ್ರಿ ಇಂಜಿನ್ನು
ಸಾಲಾಗಿ ಬಂದು ನಿಲ್ಲತಿದ್ವು:
ಕರೆವ್ವ, ಗುಡುಗವ್ವ, ಮತ್ತ ಕುಂಟಿ.
ಕುಂಟೀದು ಹಿಂದಿನ ಎಡಗಾಲಿ ಒಂದು ಕಡಿ ಚಪ್ಪಟ.
ಟಕ್ ಅಂತಿತ್ತು, ಸುಮ್ಮನಾಗತಿತ್ತು, ಟಕ್ ಅಂತಿತ್ತು.
ಕತ್ತಲಾಗ ಆಕಿ ಎಷ್ಟು ದೂರ ಇದ್ದಾಳಂತ
ಅದರ ಮ್ಯಾಲೇ ತಿಳೀತಿತ್ತು.

ಆಸಿಡ್ಡು ತಿಂದು ನನ್ನ ಅಂಗಿ ಎಲ್ಲಾ ಜರಡಿ.
ಹಗ್ಗದ ಮ್ಯಾಲೆ ಒಣ ಹಾಕಿದ್ರ ಓಣಿ ಮಂದಿ
ಹುಸೇನಬೀನ್ನ ಕೇಳೋರು,
ನಿಮ್ಮ ಮನ್ಯಾಗ ಇಲಿ ಎಷ್ಟವ?

ಬೇರಿಂಗು ಕೆಟ್ಟದ್ದು ಕಣ್ಣಿಗೆ ಕಾಣಂಗಿಲ್ಲ.
ಸ್ಕ್ರೂಡ್ರೈವರಿನ ತುದಿ ಕಬ್ಬಿಣಕ್ಕ, ಹಿಡಿ ಕಿವೀಗೆ.
ಅಮರಪ್ಪ ಮೇಸ್ತ್ರಿ ಕಲಿಸಿದ್ದು ಇಷ್ಟೇ:
ಉಸಿರು ಹಿಡಿ. ನೀ ಬಾಯಿ ಮುಚ್ಚಿದ್ರ ಅದು ಬಾಯಿ ಬಿಡ್ತದ.

ಆಮ್ಯಾಲೆ ರಬ್ಬರ್ ಗಾಲಿ ಡಂಪರು ಬಂದ್ವು. ಹಳಿ ಕಿತ್ತರು.
ಕರೆವ್ವನ್ನ ಹೆಂಗ ಬಿಚ್ಚಿ ಇಳಿಸಿದ್ದರೋ
ಹಂಗೇ ಬಿಚ್ಚಿ ಮ್ಯಾಲೆ ಒಯ್ದರು.

ಈಗ ಇಲ್ಲಿ ಬಿಳೀ ಲೈಟು, ಎರಡು ಕಂಪ್ಯೂಟರು,
ಗ್ವಾಡಿ ತೂತಿನಾಗ ಹೋಗಿ ಹೊಳ್ಳಿ ಬರದ ವೈರು.
ಮತ್ತ ಒಂದು ಹುಡುಗಿ. ಮಾನ್ವಿ ಕಡೀದು, ಶಶಿರೇಖಾ.
ಈ ಆಳದಾಗ ಹೆಣ್ಣುಮಗಳನ್ನ ನೋಡಿದ್ದು ಮೊದಲ ಸಲ.
ಕೈ ಎಲ್ಲಿ ಇಡಬೇಕೋ ತಿಳೀಲಿಲ್ಲ ನನಗ.

"ಇಲ್ಲೇನು ಮಾಡ್ತಿ ತಂಗಿ?"
"ಕಲ್ಲು ಏನಂತದ ಕೇಳ್ತೀನ್ರಿ.
ಸಿಡಿಯೋ ಮುಂಚೆ ಅದು ಒಳಗೊಳಗ ಗುಟುಗುಟು ಅಂತದ.
ಕೇಳಿದ ಕೂಡ್ಲೆ ಮಂದೀನ್ನ ಹೊರಗ ಕರೀತೀವಿ."

ಆದ್ರ ಹದಿನೈದು ದಿನದಿಂದ
ಈ ರೂಮಿನ ನೆಲದಡಿ ಪೊಳ್ಳು ತೋರಸ್ತದಂತ.
ಮ್ಯಾಪಿನಾಗ ಇಲ್ಲ. ಸಾಹೇಬ್ರು ಹೆದರ್ಯಾರ,
ಖಾಲಿ ಮಾಡ್ರಿ ಅನ್ನಾಕತ್ಯಾರ.

ನಗಿ ತಡೀಲಿಲ್ಲ ನನಗ.
"ಅದು ಎರಡನೇ ಗುಂಡಿ ತಂಗಿ.
ಇಂಜಿನ್ನಿನ ಹೊಟ್ಟಿ ಕೆಳಗ ನಾವು ನಿಂದರತಿದ್ದ ಗುಂಡಿ."
ಕಡೇ ಶಿಫ್ಟಿನಾಗ ತುಂಬ್ರಿ ಅಂದಿದ್ರು.
ನಾಕು ಮಂದಿ, ಒಂದು ತಾಸು. ಯಾರು ತುಂಬಬೇಕು?
ಸ್ಲೀಪರು ಅಡ್ಡ ಹಾಕಿ ಮ್ಯಾಲೆ ಸಿಮೆಂಟು ಎಳೆದ್ವಿ.
ತುಂಬ್ಯಾದ ಅಂತ ರಿಜಿಸ್ಟರಿನಾಗ ಸಹಿ ಮಾಡಿದಾಂವ
ನಾನೇ.

ಕುಂಟೀನ್ನ ಗುಜರಿಗೆ ತೂಗುವಾಗ
ಒಂದು ಗಾಲಿ ಕಡಿಮಿ ಬಿದ್ದಿತ್ತು.
ಯಾರೂ ಎಣಿಸಲಿಲ್ಲ.
ಇದನ್ನ ಹುಡುಗೀಗೆ ಹೇಳಲಿಲ್ಲ.

ಆಕಿ ಕಿವೀಗೆ ಹಾಕೋದು ಕೊಡಾಕ ಬಂದಳು. ಬ್ಯಾಡ ಅಂದೆ.
ಸ್ಕ್ರೂಡ್ರೈವರ್ ಅದ ಏನು?
ಮಣಕಾಲೂರಿ, ತುದಿ ನೆಲಕ್ಕ, ಹಿಡಿ ಕಿವೀಗೆ.
ನೀರು ಸರಿಯೋದು. ಎಲ್ಲೋ ಪಂಪು.
ನನ್ನದೇ ರಕ್ತ.
ಮ್ಯಾಲೆ ನೋಡಿದ್ರ ಹುಡುಗಿ ಉಸಿರು ಹಿಡಿದಿದ್ದಳು,
ಯಾರೂ ಹೇಳಿರಲಿಲ್ಲ.

ಮ್ಯಾಪು ಹಾಸಿ ಪೆನ್ಸಿಲಿನಾಗ ಒಂದು ಸಣ್ಣ ಚೌಕ ಬರೆದಳು.
"ಹೆಸರು ಏನಂತ ಹಾಕ್ಲಿ?"
ಹೇಳಿದೆ.
ಆಕಿ ಸ್ಪೆಲ್ಲಿಂಗ್ ಕೇಳಿದಳು.