ಗಂಟೆಗೆ ಹನ್ನೆರಡು

ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ
ರಾತ್ರಿ ಎರಡೂವರೆಗೆ ಬೆಂಕಿ ಏಳುವಾಗ
ಮುಂಬೈಯ ಯಾವುದೋ ತಣ್ಣನೆ ಕೋಣೆಯಲ್ಲಿ
ನನ್ನ ಬಾಡಿಗೆ ಯಂತ್ರ ಮಲಗಿರುತ್ತದೆ.
ಮಲಗುವುದೇ ಅದರ ಗಳಿಕೆ.
ಗಂಟೆಗೆ ಹನ್ನೆರಡು ಕ್ರೆಡಿಟ್,
ಒಂದಕ್ಕೆ ಒಂದು ನಿಮಿಷದ ಪೂರಾ ಓಟ.
ಕೂಡಿಡಬಹುದು, ಒಂದು ದಿನದ್ದಷ್ಟೇ;
ಡಬ್ಬಿ ತುಂಬಿದ ಮೇಲೆ ಬಿದ್ದದ್ದು ನೆಲದ ಪಾಲು.

ಬಾಡಿಗೆ ತಿಂಗಳಿಗೆ ಏಳುನೂರು.
ಮೂವತ್ತೊಂದು ಭಟ್ಟಿಯವರು ಪಟ್ಟಿ ಹಾಕಿ ಕೊಡುತ್ತಾರೆ,
ತಲೆಗೆ ಇಪ್ಪತ್ತಮೂರು.
ಮಿಕ್ಕ ಹದಿಮೂರು ರೂಪಾಯಿ ನನ್ನ ಚಹಾ.

ಬೆಳಗಿನ ಐದಕ್ಕೆ ಎಲ್ಲ ಫೋನೂ ಒಟ್ಟಿಗೆ ಎದ್ದವು.
ಹರಿಹರದಿಂದ ನಾಲ್ಕು ಚೀಲ,
ರಾಣೆಬೆನ್ನೂರಿನಿಂದ ಹನ್ನೊಂದು,
ಹೊನ್ನಾಳಿಯ ಒಬ್ಬರು ಮೂರು ಅಂತ ಒತ್ತಿ
ಅಳಿಸಿ ಎರಡು ಅಂತ ಒತ್ತಿ
ಮತ್ತೆ ಮೂರು.
ಇಪ್ಪತ್ತು ನಿಮಿಷ ಕುದುರೆಯ ಹಾಗೆ ಓಡಿತು ನನ್ನ ಯಂತ್ರ.
ಆಮೇಲೆ ಡಬ್ಬಿಯ ತಳ ಕೆರೆದ ಸದ್ದು.

ಸತ್ತಿರಲಿಲ್ಲ. ಸತ್ತಿದ್ದರೆ ಎಬ್ಬಿಸಬಹುದಿತ್ತು.
ಹತ್ತರಲ್ಲಿ ಒಂದು ಪಾಲು ಬದುಕಿತ್ತು,
ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತ
ಏನೂ ಕೊಡದೆ.

"ಕೊಟ್ರಕ್ಕಾ, ಚಕ್ರ ತಿರುಗಾಕತ್ತೈತಿ,
ಆರ್ಡರ್ ಬರವಲ್ದು. ಗಾಡಿ ನಿಂತೈತಿ."
ಗೌಸ್‌ಪೀರನಿಗೆ ಏನು ಹೇಳಲಿ?
ಅಗ್ಗದ್ದು ಕೊಂಡವಳು ನಾನು.

ಹೋದ ರಂಜಾನಿನಲ್ಲಿ ಒಂದು ಗುಂಡಿ ಒತ್ತಿ ನೋಡಿದ್ದೆ:
ಮಿತಿಯೇ ಇಲ್ಲ, ಓಡು, ಸಾಲ ಆಮೇಲೆ.
ಓಡಿತು, ಚಂದವಾಗಿಯೇ ಓಡಿತು.
ತಿಂಗಳ ಕೊನೆಗೆ ಬಿಲ್ಲು ಬಂತು,
ಎರಡು ಸಾವಿರದ ಒಂಬೈನೂರು ಚಿಲ್ಲರೆ.
ನನ್ನ ಬೆಳ್ಳಿ ಕಾಲುಂಗುರಕ್ಕೆ ಎತ್ತಿಟ್ಟ ದುಡ್ಡು.
ಗುಂಡಿ ವಾಪಸ್ ಒತ್ತಿದೆ.

ದೊಡ್ಡದು ಕೊಂಡರೆ? ತಲೆಗೆ ತೊಂಬತ್ತು.
ಬೆಳಗಿನ ಒಂದು ತಾಸಿಗಾಗಿ
ಇಪ್ಪತ್ತಮೂರು ತಾಸು ಖಾಲಿ ಬಿದ್ದಿರುವ ಛತ್ರ.
ಸಭೆಯಲ್ಲಿ ಇಬ್ಬರು ಕೈ ಎತ್ತಿದರು.
ಅದರಲ್ಲಿ ಒಬ್ಬರು ಮೈ ಮುರಿಯುತ್ತಿದ್ದರು.

ಅವತ್ತು ಭಟ್ಟಿಯೊಳಗೆ ಹೋಗಿ ಕೂತೆ.
ಖೈರುನ್‌ಬಿ ಕಾದ ಮರಳಿಗೆ ಒಂದು ಬೊಗಸೆ ಅಕ್ಕಿ ಎಸೆದಳು,
ಎರಡು ಸಲ ಕೈ ಆಡಿಸಿದಳು,
ಕಣ್ಣು ಮಿಟುಕಿಸುವಷ್ಟರಲ್ಲಿ ಬಾಣಲೆ ತುಂಬ ಬಿಳಿ.
ಇದೆಂಥ ವೇಗ ಅಂದೆ.
"ವೇಗ ಮರಳಿಂದಲ್ಲವಾ.
ಉಪ್ಪುನೀರು ಕುಡಿದು ಸುಮ್ನೆ ಬಿದ್ದಿತ್ತಲ್ಲ, ಅಲ್ಲಿಂದು.
ನಡುವೆ ಕೈ ಹಾಕಿ ಕಲಸಿದ್ರೆ
ಅರಳಂಗಿಲ್ಲ, ನುಚ್ಚಾಗ್ತೈತಿ."

ನಡುವೆ ಕೈ ಹಾಕಿದ್ದು ಯಾರು?
ಮನೆಗೆ ಬಂದು ಹಳೆಯ ಲೆಕ್ಕ ತೆರೆದೆ.
ಮೂರು ಗಂಟೆಗೆ, ದಿನಾ, ಸರಿಯಾಗಿ ಮೂರಕ್ಕೆ,
ರಸೀದಿಯ ಫೋಟೋಗಳನ್ನು ಕುಗ್ಗಿಸು,
ಬಾಕಿ ಕೂಡಿಸು, ಪ್ರತಿ ಎತ್ತಿಡು
ಅಂತ ಅದನ್ನು ಎಬ್ಬಿಸುತ್ತಿದ್ದವಳು
ನಾನೇ.
ರಾತ್ರಿ ಯಾರೂ ಇರುವುದಿಲ್ಲ ಅಂತ,
ಎರಡು ವರ್ಷದ ಹಿಂದೆ, ಬಹಳ ಜಾಣತನದಿಂದ.

ಈಗ ಆ ಕೆಲಸ ಮಧ್ಯಾಹ್ನ ಎರಡಕ್ಕೆ.
ಓಣಿಯೆಲ್ಲ ನಿದ್ದೆಯಲ್ಲಿರುತ್ತದೆ ಆಗ,
ಹೊಗೆ ಕೂಡ ಕೆಳಗಿಳಿದು ತಗಡಿನ ಮೇಲೆ ಒರಗಿರುತ್ತದೆ.
ಯಂತ್ರ ಎಮ್ಮೆಯ ಹಾಗೆ ಮೆಲುಕು ಹಾಕಲಿ,
ಫೋಟೋ ಸಂಜೆಗೆ ಕುಗ್ಗಿದರೂ ಯಾರ ಗಾಡಿ ನಿಲ್ಲುತ್ತದೆ?

ಇವತ್ತು ಆರು ಗಂಟೆಗೆ ನೋಡಿದೆ,
ಡಬ್ಬಿಯಲ್ಲಿ ನಲವತ್ತೊಂದು ಉಳಿದಿದೆ.
ಹಬ್ಬ ಬಂದರೆ ಸಾಲದು, ಗೊತ್ತು.
ಅದೇ ಕಬ್ಬಿಣದ ಮೇಲೆ ಇನ್ಯಾರೋ ಬಾಡಿಗೆದಾರರಿದ್ದಾರೆ,
ಅವರ ಮನೆಯಲ್ಲಿ ಮದುವೆಯಾದರೆ
ನನ್ನ ಪಾಲು ಸ್ವಲ್ಪ ಕದಿಯುತ್ತಾರೆ, ಅದೂ ಗೊತ್ತು.

ಗೌಸ್‌ಪೀರ್ ಫೋನ್ ಮಾಡಲಿಲ್ಲ.
ಅವನ ಹೊಗಳಿಕೆಯೇ ಹಾಗೆ.
ಚಹಾಕ್ಕೆ ಹಾಲಿರಲಿಲ್ಲ.
ಹದಿಮೂರು ರೂಪಾಯಿ ಹಿಡಿದು ಹೊರಟೆ,
ಓಣಿಯ ಕೊನೆಯಲ್ಲಿ ಗಾಡಿಗಳು ಹೊರಡುತ್ತಿದ್ದವು,
ಅಷ್ಟು ದೊಡ್ಡ ಚೀಲಗಳು, ಅಷ್ಟೇ ಹಗುರ.